ಪಂಚಕಲ್ಯಾಣಿಯ ಕಾಲಿನಲ್ಲಿ ಮಾಯದ ಹಕ್ಕಳೆ

ಓದುಗರ ಪ್ರಶ್ನೆ: ಮಾನ್ಯ ಡಾಕ್ಟರರಿಗೆ ನಮಸ್ಕಾರ. ನಾವು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರರು. ಎರಡು ವರ್ಷದ ಹಿಂದೆ ಮಗಳ ಸವಾರಿಗೆಂದು ಎಂಟು ವರ್ಷದ ಮಾರ್ವಾರಿ ತಳಿಯ ಹೆಣ್ಣು ಕುದುರೆಯೊಂದನ್ನು ತಂದೆವು. ಮೈ ಕಂದು, ನಾಲ್ಕೂ ಕಾಲು ಬಿಳಿ, ಹಣೆಯಿಂದ ಮೂಗಿನವರೆಗೆ ಬಿಳಿಯ ಪಟ್ಟೆ ಇರುವುದರಿಂದ ಪಂಚಕಲ್ಯಾಣಿ ಎಂದು ಮೆಚ್ಚಿಯೇ ಕೊಂಡೆವು. ಮೊದಲ ಮಳೆಗಾಲದಲ್ಲೇ ಅದರ ಎರಡೂ ಹಿಂಗಾಲುಗಳಲ್ಲಿ, ಗೊರಸಿನ ಮೇಲಿನ ಹಿಂಬದಿಯ ಕುಳಿಯಲ್ಲಿ ಚರ್ಮ ಕೆಂಪಾಗಿ, ಅಂಟುನೀರು ಒಸರಿ, ದಪ್ಪ ಹಕ್ಕಳೆ ಕಟ್ಟಿತು. ಹಕ್ಕಳೆ ಕಿತ್ತರೆ ರಕ್ತ ಬರುತ್ತದೆ. ಫೆಬ್ರವರಿಯ ಹೊತ್ತಿಗೆ ಮುಕ್ಕಾಲು ಪಾಲು ಮಾಯುತ್ತದೆ, ಜೂನ್ ಕೊನೆಗೆ ಮತ್ತೆ ಶುರುವಾಗುತ್ತದೆ. ಈ ವರ್ಷ ಒಂದು ಮುಂಗಾಲಿಗೂ ಬಂದಿದೆ. ದಿನಕ್ಕೆರಡು ಸಲ ಸೋಪು ಹಾಕಿ ತೊಳೆದೆವು, ಮೈಲುತುತ್ತವನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದೆವು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮುಲಾಮಿನಿಂದ ನಾಲ್ಕೇ ದಿನದಲ್ಲಿ ಗುಣ ಕಂಡಿತಾದರೂ ಬಿಟ್ಟ ವಾರದಲ್ಲಿ ಇಮ್ಮಡಿಯಾಯಿತು. ರಾತ್ರಿ ಹೊತ್ತು ಕಾಲನ್ನು ನೆಲಕ್ಕೆ ಬಡಿಯುತ್ತಿರುತ್ತದೆ. ಒಬ್ಬರು ಇದು ಗ್ಲಾಂಡರ್ಸ್ ಎನ್ನುತ್ತಾರೆ, ಇನ್ನೊಬ್ಬರು ಸರ್ಪಸುತ್ತು ಎನ್ನುತ್ತಾರೆ, ಹುರುಳಿಯ ಉಷ್ಣ ಎನ್ನುವವರೂ ಇದ್ದಾರೆ. ಬರೆ ಹಾಕಿಸಿದರೆ ಕೆಟ್ಟ ರಕ್ತ ಹೋಗುತ್ತದೆ ಎಂದು ನಮ್ಮ ತೋಟದ ಹಿರಿಯರೊಬ್ಬರ ಸಲಹೆ. ದನಗಳ ಉಣುಗಿಗೆ ತಂದ ಔಷಧ ಮನೆಯಲ್ಲಿದೆ, ಅದನ್ನು ಹಚ್ಚಬಹುದೇ? ಇದು ಮಗಳಿಗೆ, ಕೊಟ್ಟಿಗೆಯ ದನಗಳಿಗೆ ಅಂಟುತ್ತದೆಯೇ? ಗುಣವಾಗದಿದ್ದರೆ ಮಾರಿಬಿಡುವುದು ಒಳ್ಳೆಯದೇ?

ಉತ್ತರ: ಮೊದಲು, ಮನೆಯಲ್ಲಿರುವ ಆ ಉಣುಗಿನ ಔಷಧದ ಬಾಟಲಿಯ ಮೇಲಿನ ಹೆಸರನ್ನು ಓದಿ. ಅದರಲ್ಲಿ ಅಮಿತ್ರಾಜ್ ಎಂದಿದ್ದರೆ ಯಾವ ಕಾರಣಕ್ಕೂ ಕುದುರೆಗೆ ಹಚ್ಚಬೇಡಿ. ದನಗಳಿಗೆ ಒಗ್ಗುವ ಈ ಔಷಧ ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸಬಲ್ಲದು. ದೊಡ್ಡ ಕರುಳಿನಲ್ಲಿ ಮೇವು ಗಟ್ಟಿಯಾಗಿ ಕುಳಿತು, ತೀವ್ರ ಹೊಟ್ಟೆನೋವಿನಿಂದ ಪ್ರಾಣಿ ಸಾಯಬಹುದು. ಸಕಲೇಶಪುರದ ಕಡೆಯ ತೋಟವೊಂದರಲ್ಲಿ, ಕಾಲಿನ ಕಜ್ಜಿಗೆಂದು ಇದನ್ನು ಬಳಿದ ಮೂರನೆಯ ದಿನ ನೆಲದಲ್ಲಿ ಹೊರಳಾಡುತ್ತಿದ್ದ ಕುದುರೆಗೆ ಎರಡು ರಾತ್ರಿ ಡ್ರಿಪ್ ಹಾಕಿ ಕುಳಿತ ನೆನಪು ನನಗೆ ಇನ್ನೂ ಹಸಿಯಾಗಿದೆ. ಅದು ಉಳಿಯಿತು, ಆದರೆ ಎಲ್ಲವೂ ಉಳಿಯುವುದಿಲ್ಲ. ಉಳಿದ ವಿಷಯಗಳನ್ನು ನಿಧಾನವಾಗಿ ನೋಡಬಹುದಾದ್ದರಿಂದ ಈ ಒಂದನ್ನು ಮುಂಚೆ ಹೇಳಿದ್ದೇನೆ.

ನಿಮ್ಮ ಕಾಗದದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಇಷ್ಟು ಮದ್ದು ಮಾಡಿಯೂ ಏಕೆ ಮರುಕಳಿಸುತ್ತಿದೆ ಎಂಬುದು ಒಂದು. ಇದು ಮನೆಮಂದಿಗೂ ಅಪಾಯ ತರುವ ದೊಡ್ಡ ರೋಗವಾಗಿರಬಹುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಭಯ ಮನಸ್ಸಿನಲ್ಲಿರುವಾಗ ಉಳಿದ ಮಾತು ಕಿವಿಗೆ ಬೀಳುವುದಿಲ್ಲ.

ಗ್ಲಾಂಡರ್ಸ್ ನಿಜವಾಗಿಯೂ ಭಯಪಡಬೇಕಾದ ರೋಗ. ಬರ್ಕೋಲ್ಡೇರಿಯಾ ಮಾಲಿಯೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಇದು ಮನುಷ್ಯರಿಗೂ ಅಂಟುತ್ತದೆ. ಶಂಕೆ ಬಂದರೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆ ಇದನ್ನು ಸೇರಿಸಿದೆ. ಅದರ ಚರ್ಮದ ರೂಪ ಹೆಚ್ಚಾಗಿ ಹಿಂಗಾಲಿನ ಒಳಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ದುಗ್ಧನಾಳದ (ಲಿಂಫ್ ನಾಳದ) ಉದ್ದಕ್ಕೂ ಮಣಿಸರ ಪೋಣಿಸಿದ ಹಾಗೆ ಗಂಟುಗಳೆದ್ದು, ಒಡೆದು, ಜೇನಿನಂಥ ಅಂಟುದ್ರವ ಸುರಿಸುವ ಹುಣ್ಣುಗಳಾಗುತ್ತವೆ. ಜೊತೆಗೆ ಜ್ವರ, ಮೂಗಿನಿಂದ ಕೀವು, ಮೈ ಇಳಿಯುವುದು ಇವೆಲ್ಲ ಇರಬಹುದು. ನಿಮ್ಮ ಕುದುರೆಯ ಹಕ್ಕಳೆ ಗೊರಸಿನ ಮೇಲಿನ ಕುಳಿಗೆ ಸೀಮಿತವಾಗಿದೆ, ಬೇಸಿಗೆಯಲ್ಲಿ ತಾನಾಗಿ ಮಾಯುತ್ತದೆ, ಎರಡು ವರ್ಷವಾದರೂ ಕುದುರೆ ಮೇವು ತಿಂದು ಸವಾರಿಗೆ ಸಿಗುತ್ತಿದೆ. ಇದು ಗ್ಲಾಂಡರ್ಸ್ ನಡೆಯುವ ದಾರಿಯಲ್ಲ. ಆದರೂ ಹೊರಗಿನಿಂದ ಕೊಂಡು ತಂದ ಪ್ರಾಣಿಯಾದ್ದರಿಂದ, ತಾಲ್ಲೂಕು ಪಶು ಆಸ್ಪತ್ರೆಯ ಮೂಲಕ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಬಿಡಿ ಎಂದೇ ನನ್ನ ಸಲಹೆ. ಈ ರೋಗದ ವಿಷಯದಲ್ಲಿ ದೇಶದ ಕೊನೆಯ ಮಾತು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ್ದು. ಪರೀಕ್ಷೆಯ ಫಲಿತಾಂಶ ಕೈಯಲ್ಲಿದ್ದರೆ ನೆರೆಯವರ ಬಾಯಿಗೂ ಅದೇ ಉತ್ತರವಾಗುತ್ತದೆ.

ಸರ್ಪಸುತ್ತು ಮನುಷ್ಯರಲ್ಲಿ ಸಿಡುಬಿನ ಜಾತಿಯದೆಂದು ಜನ ತಿಳಿಯುವ, ವಾಸ್ತವವಾಗಿ ಚಿಕನ್‌ಪಾಕ್ಸ್ ವೈರಾಣು ಮತ್ತೆ ಎದ್ದು ಬರುವ ರೋಗ. ಕುದುರೆಗೆ ಅದು ಬರುವುದಿಲ್ಲ. ಹುರುಳಿಯ ಮೇಲಿನ ಆರೋಪಕ್ಕೂ ಆಧಾರವಿಲ್ಲ. ಕಾಳು ಅತಿಯಾದರೆ ಹೊಟ್ಟೆಶೂಲೆ, ಗೊರಸಿನ ಉರಿಯೂತ ಬರಬಹುದೇ ಹೊರತು ಮಳೆಗಾಲಕ್ಕೆ ಸರಿಯಾಗಿ ಹಿಂಗಾಲಿನಲ್ಲಿ ಹಕ್ಕಳೆ ಏಳುವುದಿಲ್ಲ. ಇನ್ನು ಬರೆ. ಆ ಹಿರಿಯರು ಒಳ್ಳೆಯದಾಗಲಿ ಎಂದೇ ಹೇಳಿದ್ದಾರೆ, ಅವರ ಕಾಲದಲ್ಲಿ ಕೈಗೆ ಸಿಗುತ್ತಿದ್ದುದೂ ಅದೊಂದೇ. ಆದರೆ ಒಡೆದು ನೊಂದ ಚರ್ಮದ ಮೇಲೆ ಕಾದ ಕಬ್ಬಿಣ ಇಟ್ಟರೆ ಉಳಿದಿದ್ದ ಗಟ್ಟಿ ಚರ್ಮವೂ ಹೋಗಿ, ರೋಗಾಣುವಿಗೆ ಇನ್ನೊಂದು ಬಾಗಿಲು ತೆರೆಯುತ್ತದೆ. ಆ ಸಲಹೆಯನ್ನು ಗೌರವದಿಂದಲೇ ಪಕ್ಕಕ್ಕಿಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗೊರಸಿಗೂ ಅದರ ಮೇಲಿನ ಗೆಣ್ಣಿಗೂ ನಡುವೆ ಬರುವ ಈ ತೊಂದರೆಯನ್ನು ಕುದುರೆ ಸಾಕುವವರು ಕೆಸರುಕಜ್ಜಿ, ಹಿಮ್ಮಡಿ ಒಡಕು ಮುಂತಾಗಿ ಕರೆಯುತ್ತಾರೆ. ಹೆಸರು ಒಂದೇ ಆದ್ದರಿಂದ ರೋಗವೂ ಒಂದೇ ಎಂದು ತಿಳಿಯುವುದು ಸಹಜ. ನಿಜದಲ್ಲಿ ಇದು ಆ ಜಾಗದ ಚರ್ಮ ಸೋತಿದೆ ಎಂಬುದರ ಹೆಸರು ಮಾತ್ರ, ಸೋಲಿಸಿದವರು ಯಾರೆಂಬುದನ್ನು ಅದು ಹೇಳುವುದಿಲ್ಲ. ಬ್ಯಾಕ್ಟೀರಿಯಾ ಇರಬಹುದು, ನುಸಿ ಇರಬಹುದು, ಹುಳುಕಡ್ಡಿಯ ಶಿಲೀಂಧ್ರ ಇರಬಹುದು, ಬಿಸಿಲು ಇರಬಹುದು, ಒಳಗಿನ ಯಕೃತ್ತು ಇರಬಹುದು, ಹಚ್ಚಿದ ಮದ್ದೇ ಇರಬಹುದು. ಹಲವು ಬಾರಿ ಇಬ್ಬರು ಮೂವರು ಸೇರಿಕೊಂಡಿರುತ್ತಾರೆ. ಎರಡು ವರ್ಷದಿಂದ ನೀವು ಬದಲಿಸುತ್ತಾ ಬಂದಿರುವುದು ಔಷಧವನ್ನು. ಆದರೆ ಕಾರಣ ಯಾವುದೆಂದು ಯಾರೂ ಒಂದು ಹಕ್ಕಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ಪ್ರಸ್ತಾಪ ಕಾಗದದಲ್ಲಿಲ್ಲ.

ನೀವು ಬರೆದ ವಿವರಗಳನ್ನೇ ಹಿಡಿದು ನಾನು ಯೋಚಿಸುವ ಬಗೆ ಹೀಗಿದೆ. ಜೂನ್ ಕೊನೆಗೆ ಬರುವುದು, ಫೆಬ್ರವರಿಗೆ ಹೋಗುವುದು ಎಂದಾಗ ಮೊದಲ ಸಂಶಯ ಡರ್ಮಟೋಫಿಲಸ್ ಕಾಂಗೊಲೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಮೇಲೆ. 1915ರಲ್ಲಿ ಅಂದಿನ ಬೆಲ್ಜಿಯನ್ ಕಾಂಗೋದಲ್ಲಿ ದನಗಳ ಚರ್ಮರೋಗವೊಂದರಲ್ಲಿ ಇದನ್ನು ಮೊದಲು ವಿವರಿಸಿದ್ದರಿಂದ ಆ ಹೆಸರು. ನೀರಿಲ್ಲದೆ ಇದರ ಆಟ ನಡೆಯುವುದಿಲ್ಲ. ಚರ್ಮ ನೆನೆದಾಗ ಹಕ್ಕಳೆಯಿಂದ ಇದರ ಬೀಜಾಣುಗಳು ಹೊರಬಂದು ಆ ತೇವದಲ್ಲೇ ಈಜಿ, ಚರ್ಮದಲ್ಲಿ ಎಲ್ಲಿ ಸಣ್ಣ ಬಿರುಕಿದೆಯೋ ಅಲ್ಲಿ ಇಳಿಯುತ್ತವೆ. ಅಖಂಡವಾದ ಒಣ ಚರ್ಮವನ್ನು ಇದು ಭೇದಿಸಲಾರದು. ಮಲೆನಾಡಿನ ಮಳೆಗಾಲದಲ್ಲಿ ಅಂಥ ಚರ್ಮ ಉಳಿಯುವುದೇ ಕಷ್ಟ. ದಿನವಿಡೀ ನೆಂದ ಹುಲ್ಲು, ಕೆಸರು, ತೋಟದ ದಾರಿಯ ಸಣ್ಣ ಕಲ್ಲುಗಳ ತರಚು, ಉಣುಗಿನ ಕಡಿತ ಇವೆಲ್ಲ ಅಲ್ಲಿ ಕೆಲಸ ಮಾಡುತ್ತವೆ. ಇಂಬಳ ಕಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟದೆ ಬಹಳ ಹೊತ್ತು ಒಸರುವುದು ನಿಮಗೇ ಗೊತ್ತು. ಅಂಥ ಒಂದೊಂದು ಕಡಿತವೂ ತೆರೆದಿಟ್ಟ ಸಣ್ಣ ಬಾಗಿಲು. ಇದೇ ಜಿಲ್ಲೆಯ ಕಡೂರಿನಲ್ಲಾಗಲಿ ಹಾಸನದ ಅರಸೀಕೆರೆಯಲ್ಲಾಗಲಿ ನಾನು ಈ ತೊಂದರೆಯನ್ನು ಕಂಡದ್ದು ತೀರ ಕಡಿಮೆ. ಮೂಡಿಗೆರೆ, ಸಕಲೇಶಪುರದ ಕುದುರೆಗಳಲ್ಲಿ ಪ್ರತಿ ಆಗಸ್ಟಿನಲ್ಲೂ ಕಾಣುತ್ತೇನೆ.

ಈ ಬ್ಯಾಕ್ಟೀರಿಯಾದ ಹಕ್ಕಳೆಗೆ ಒಂದು ಗುರುತಿದೆ. ಮೆತ್ತಗಾದ ಹಕ್ಕಳೆಯನ್ನು ಎತ್ತಿದರೆ ಅದರೊಂದಿಗೆ ಕೂದಲಿನ ಗೊಂಚಲೂ ಬಣ್ಣದ ಕುಂಚದ ಹಾಗೆ ಎದ್ದುಬರುತ್ತದೆ, ಕೆಳಗೆ ಹಸಿಯಾದ ಗುಲಾಬಿ ಚರ್ಮ, ಕೆಲವೊಮ್ಮೆ ತೆಳು ಹಳದಿ ಕೀವು ಇರುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೈಲು ಹಳಿಗಳಂತೆ ಜೋಡುಸಾಲಿನಲ್ಲಿ ಕೂತ ಗುಂಡಗಿನ ಕಣಗಳು ಕಾಣುತ್ತವೆ. ಐದು ನಿಮಿಷದ ಕೆಲಸ. ಒಣಗಿ ಉದುರಿದ ಹಕ್ಕಳೆಯೊಳಗೆ ಇದು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದಾದ್ದರಿಂದ, ಲಾಯದ ನೆಲದಲ್ಲಿ ಉಳಿದ ಹೋದ ವರ್ಷದ ಹಕ್ಕಳೆ ಈ ವರ್ಷದ ಬಿತ್ತನೆಯಾಗುವ ಸಾಧ್ಯತೆಯೂ ಇದೆ. ಕಿತ್ತ ಹಕ್ಕಳೆಯನ್ನು ನೆಲಕ್ಕೆ ಬಿಡದೆ ಕಾಗದದಲ್ಲಿ ಕೂಡಿಸಿ ಸುಡಬೇಕು.

ಆದರೆ ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದ ಸಂಗತಿಯೊಂದು ನನ್ನನ್ನು ತಡೆದು ನಿಲ್ಲಿಸಿತು. ರಾತ್ರಿ ಹೊತ್ತು ಕುದುರೆ ಕಾಲು ಬಡಿಯುತ್ತದೆ ಎಂದಿದ್ದೀರಿ. ಕೆಸರಿನ ಬ್ಯಾಕ್ಟೀರಿಯಾದ ಹಕ್ಕಳೆ ನೋಯುತ್ತದೆ, ಅಷ್ಟಾಗಿ ತುರಿಸುವುದಿಲ್ಲ. ಕಾಲು ಬಡಿಯುವುದು, ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜುವುದು, ಬಗ್ಗಿ ಹಲ್ಲಿನಿಂದ ಕಚ್ಚಿಕೊಳ್ಳುವುದು ತುರಿಕೆಯ ಲಕ್ಷಣ. ಕಾಲಿನ ತುರಿಕೆ ಎಂದರೆ ಕೋರಿಯಾಪ್ಟಿಸ್ ಎಂಬ ನುಸಿಯನ್ನು ಹುಡುಕಲೇಬೇಕು. ಇದು ಚರ್ಮದೊಳಗೆ ಕೊರೆಯುವುದಿಲ್ಲ, ಮೇಲ್ಮೈಯ ಹೊಟ್ಟು ತಿಂದು ಬದುಕುತ್ತದೆ. ಆದ್ದರಿಂದಲೇ ಬಾಯಿಂದ ಕೊಡುವ ಐವರ್‌ಮೆಕ್ಟಿನ್ ಇದಕ್ಕೆ ಪೂರ್ತಿ ಮುಟ್ಟುವುದಿಲ್ಲ. ಅದೇ ಔಷಧದ ದನಗಳ ಚುಚ್ಚುಮದ್ದನ್ನು ಕುದುರೆಯ ಮಾಂಸಖಂಡಕ್ಕೆ ಕೊಡುವವರಿದ್ದಾರೆ. ಚುಚ್ಚಿದ ಜಾಗದಲ್ಲಿ ಕ್ಲಾಸ್ಟ್ರೀಡಿಯಂ ಸೋಂಕಾಗಿ ಸ್ನಾಯು ಕೊಳೆಯುವ ಅಪಾಯ ಇರುವುದರಿಂದ ಅದನ್ನು ಒಪ್ಪಬೇಡಿ. ನುಸಿ ಕಂಡುಬಂದರೆ ವೈದ್ಯರು ಫಿಪ್ರೊನಿಲ್ ಸಿಂಪಡಣೆಯನ್ನಾಗಲಿ, ವಾರಕ್ಕೊಮ್ಮೆಯಂತೆ ಹಲವು ವಾರ ಸುಣ್ಣ–ಗಂಧಕದ ದ್ರಾವಣವನ್ನಾಗಲಿ ಆರಿಸುತ್ತಾರೆ. ಗಂಧಕದ ದ್ರಾವಣ ವಾಸನೆ ಹೊಡೆಯುತ್ತದೆ, ಬಿಳಿ ಕೂದಲನ್ನು ಹಳದಿ ಮಾಡುತ್ತದೆ, ಆದರೆ ಕೆಲಸ ಮಾಡುತ್ತದೆ. ಪ್ರಾಣಿಯ ಮೈಬಿಟ್ಟು ಹಾಸಿಗೆಯಲ್ಲೂ ನುಸಿ ವಾರಗಟ್ಟಲೆ ಬದುಕುವುದರಿಂದ, ಹಾಸಿದ ಹುಲ್ಲು, ಉಜ್ಜುವ ಬ್ರಷ್ಷು, ಕಾಲಿಗೆ ಕಟ್ಟುವ ಪಟ್ಟಿ ಎಲ್ಲವನ್ನೂ ಅದೇ ದಿನ ಬದಲಿಸದಿದ್ದರೆ ಶ್ರಮ ವ್ಯರ್ಥ.

ಇನ್ನು ನೀವು ಬರೆಯದೆ ಬಿಟ್ಟದ್ದು: ಕುದುರೆಯ ಮುಖ ಹೇಗಿದೆ? ಮೂಗಿನ ಮೇಲಿನ ಬಿಳಿ ಪಟ್ಟೆಯ ಅಡಿಯಲ್ಲೂ ಕಾಲಿನಂತೆಯೇ ಗುಲಾಬಿ ಚರ್ಮವಿರುತ್ತದೆ. ಅಲ್ಲಿಯೂ ಕೆಂಪಾಗಿ ಸುಲಿಯುತ್ತಿದ್ದರೆ, ತೊಂದರೆ ಬಿಳಿ ಕೂದಲಿನ ಗಡಿಗೆ ಸರಿಯಾಗಿ ನಿಂತು ಕಂದು ಚರ್ಮಕ್ಕೆ ದಾಟದೆ ಇದ್ದರೆ, ಕೆಸರನ್ನು ಬಿಟ್ಟು ಬಿಸಿಲಿನ ಕಡೆ ನೋಡಬೇಕಾಗುತ್ತದೆ. ಹಸಿರು ಮೇವಿನ ಪತ್ರಹರಿತ್ತು ಹೊಟ್ಟೆಯಲ್ಲಿ ಒಡೆದಾಗ ಫೈಲೋಎರಿಥ್ರಿನ್ ಎಂಬ ವಸ್ತು ಹುಟ್ಟುತ್ತದೆ. ಆರೋಗ್ಯವಾದ ಯಕೃತ್ತು ಅದನ್ನು ಪಿತ್ತದ ಜೊತೆ ಹೊರಹಾಕುತ್ತದೆ. ಯಕೃತ್ತು ಕೆಟ್ಟರೆ ಅದು ರಕ್ತದಲ್ಲೇ ಉಳಿದು, ಬಣ್ಣದ ರಕ್ಷಣೆಯಿಲ್ಲದ ಚರ್ಮದ ಮೇಲೆ ಬಿಸಿಲು ಬಿದ್ದಾಗ ಸುಡುತ್ತದೆ. ಲಂಟಾನ ಮುಖ್ಯವಾಗಿ ದನ, ಕುರಿಗಳಲ್ಲಿ ಹೀಗೆ ಮಾಡುವುದು ನಮ್ಮ ಭಾಗದಲ್ಲಿ ಎಲ್ಲರಿಗೂ ತಿಳಿದದ್ದೇ. ಕುದುರೆಯ ಮಟ್ಟಿಗೆ ಸೆಣಬಿನ (ಕ್ರೊಟಲೇರಿಯಾ) ಜಾತಿಯ ಗಿಡಗಳ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು, ಅವುಗಳ ವಿಷ ಯಕೃತ್ತನ್ನು ತಿಂಗಳುಗಳ ಕಾಲ ಸದ್ದಿಲ್ಲದೆ ಹಾಳು ಮಾಡುತ್ತದೆ. ಯಕೃತ್ತು ಸರಿಯಿದ್ದೂ, ಬಿಳಿ ಕಾಲಿನ ಸಣ್ಣ ರಕ್ತನಾಳಗಳೇ ಬಿಸಿಲಿಗೆ ಉರಿಯೂತಗೊಳ್ಳುವ ಬೇರೆ ತೊಂದರೆಯೂ ಒಂದಿದೆ. ಅದರಲ್ಲಿ ತುರಿಕೆಗಿಂತ ನೋವು, ಊತ ಹೆಚ್ಚು.

ನಿಮ್ಮ ಕುದುರೆಯ ವಿಷಯದಲ್ಲಿ ಬಿಸಿಲೇ ಮುಖ್ಯ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಫೆಬ್ರವರಿಯಿಂದ ಮೇ ತನಕ ನಮ್ಮಲ್ಲಿ ಬಿಸಿಲು ಅತ್ಯಂತ ಪ್ರಖರ, ಆ ತಿಂಗಳುಗಳಲ್ಲೇ ಅದರ ಕಾಲು ಅತ್ಯುತ್ತಮವಾಗಿರುತ್ತದೆ. ಮೋಡ ಕವಿದ ಜುಲೈನಲ್ಲಿ ಕೆಡುವ ಕಾಲಿಗೆ ಸೂರ್ಯನನ್ನು ದೂರುವುದು ಕಷ್ಟ. ಆದರೂ ಒಂದು ಸಲ ಯಕೃತ್ತಿನ ರಕ್ತ ಪರೀಕ್ಷೆ, ಅದರಲ್ಲೂ ಜಿಜಿಟಿ ಎಂಬ ಕಿಣ್ವದ್ದು, ಮಾಡಿಸಿದರೆ ಈ ಕೊಂಡಿ ಕಳಚುತ್ತದೆ. ಗ್ಲಾಂಡರ್ಸ್ ಪರೀಕ್ಷೆಗೆ ರಕ್ತ ತೆಗೆಯುವಾಗಲೇ ಇದಕ್ಕೂ ತೆಗೆಯಲು ಹೇಳಿ.

ಪಂಚಕಲ್ಯಾಣಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಹಿರಿಯರು ಮಂಗಳಕರವೆಂದು ಕರೆದ ಈ ಲಕ್ಷಣವೇ ಮಲೆನಾಡಿನಲ್ಲಿ ಚರ್ಮಕ್ಕೆ ಸ್ವಲ್ಪ ಹೊರೆಯಾಗುತ್ತದೆ. ಬಿಳಿ ಕಾಲಿನ ಚರ್ಮಕ್ಕೆ ಬಣ್ಣದ ರಕ್ಷಣೆ ಕಡಿಮೆ, ಈ ತೊಂದರೆ ಬಿಳಿ ಕಾಲುಗಳಲ್ಲೇ ಹೆಚ್ಚಾಗಿ ಕಾಣುತ್ತದೆ. ಇದು ಕುದುರೆಯ ದೋಷವೂ ಅಲ್ಲ, ನೀವು ಮೋಸಹೋದದ್ದೂ ಅಲ್ಲ. ರಾಜಸ್ಥಾನದ ಮರಳುನೆಲದಲ್ಲಿ ಬೆಳೆದ ತಳಿಯ ಬಿಳಿ ಕಾಲನ್ನು ನಾವು ಆರು ತಿಂಗಳು ನೆನೆಯುವ ನೆಲದಲ್ಲಿ ನಿಲ್ಲಿಸಿದ್ದೇವೆ, ಆದ್ದರಿಂದ ಅದರ ಆರೈಕೆಯ ಹೊಣೆ ನಮ್ಮ ಮೇಲೆ ಹೆಚ್ಚು.

ನೀವು ಈವರೆಗೆ ಮಾಡಿದ ಮದ್ದುಗಳು ಏಕೆ ಫಲಿಸಲಿಲ್ಲ ಎಂಬುದು ಈಗ ತಿಳಿಯಾಗುತ್ತದೆ. ದಿನಕ್ಕೆರಡು ಸಲ ತೊಳೆದದ್ದು ಪ್ರೀತಿಯ ಕೆಲಸವೇ. ಆದರೆ ಸೋಪು ಚರ್ಮದ ಸಹಜ ಜಿಡ್ಡನ್ನು ತೆಗೆಯಿತು, ನೀರು ಅದನ್ನು ನೆನೆಸಿತು, ಮಳೆಗಾಲದ ಗಾಳಿಯಲ್ಲಿ ಅದು ಒಣಗಲೇ ಇಲ್ಲ. ರೋಗಾಣು ಬಯಸಿದ ತೇವವನ್ನು ನಾವೇ ದಿನಕ್ಕೆರಡು ಬಾರಿ ಒದಗಿಸಿದಂತಾಯಿತು. ಮೈಲುತುತ್ತ ತೋಟದಲ್ಲಿ ಬೋರ್ಡೋ ದ್ರಾವಣವಾಗಿ ಕಾಫಿ, ಅಡಿಕೆಗಳನ್ನು ಕಾಯುತ್ತದೆ, ಹಾಗಾಗಿ ಗಾಯಕ್ಕೂ ಆದೀತೆಂಬ ನಂಬಿಕೆ ಪ್ರತಿ ಮನೆಯಲ್ಲೂ ಇದೆ. ಅದು ಹಸಿ ಚರ್ಮವನ್ನು ಸುಡುವ ವಸ್ತು, ಮೇಲೆ ಗಟ್ಟಿ ಪೊರೆ ಕಟ್ಟಿ ಒಳಗೆ ಕೀವನ್ನು ಮುಚ್ಚಿಡುತ್ತದೆ. ಲಾಯದ ನೆಲಕ್ಕೆ ಎರಚುವ ಸುಣ್ಣ, ಬ್ಲೀಚಿಂಗ್ ಪೌಡರು ಕೂಡ ನೆಂದ ಕಾಲಿಗೆ ಇದನ್ನೇ ಮಾಡುತ್ತವೆ.

ಮೆಡಿಕಲ್ ಶಾಪಿನ ಮುಲಾಮಿನ ಕಥೆಯನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು, ಏಕೆಂದರೆ ವಾರಕ್ಕೊಮ್ಮೆಯಾದರೂ ಇದೇ ಕಥೆ ಕೇಳುತ್ತೇನೆ. ನಾಲ್ಕು ದಿನದಲ್ಲಿ ಗುಣ, ಬಿಟ್ಟರೆ ಇಮ್ಮಡಿ ಎಂಬುದು ಸ್ಟೀರಾಯ್ಡ್ ಬೆರೆಸಿದ ಮುಲಾಮಿನ ನಡೆ. ಸ್ಟೀರಾಯ್ಡ್ ಕೆಂಪನ್ನೂ ಊತವನ್ನೂ ಅಡಗಿಸುತ್ತದೆ, ಜೊತೆಯಲ್ಲೇ ಚರ್ಮದ ಹೋರಾಟವನ್ನೂ ಅಡಗಿಸುತ್ತದೆ. ಕಾಣುವ ರೋಗ ಇಳಿದಾಗ ಕಾಣದ ರೋಗಾಣು ಬೆಳೆಯುತ್ತದೆ. ಬಿಸಿಲಿನಿಂದ ರಕ್ತನಾಳ ಕೆಟ್ಟ ಪ್ರಕರಣಗಳಲ್ಲಿ ಸ್ಟೀರಾಯ್ಡೇ ಸರಿಯಾದ ಔಷಧ ಎಂಬುದೂ ನಿಜ, ಆದರೆ ಸೋಂಕಿಲ್ಲವೆಂದು ಖಚಿತವಾದ ಮೇಲೆ, ಗೊರಸಿನ ಉರಿಯೂತದ ಅಪಾಯವನ್ನು ತೂಗಿ ನೋಡಿ, ವೈದ್ಯರ ಕಣ್ಣಳತೆಯಲ್ಲಿ. ಮನೆಯಲ್ಲಿ ಉಳಿದ ಟ್ಯೂಬನ್ನು ಎಸೆದುಬಿಡಿ.

ಚಿಕಿತ್ಸೆಯನ್ನು ಆರಂಭಿಸುವ ಮುನ್ನ ಹಚ್ಚುವುದೆಲ್ಲವನ್ನೂ ಐದಾರು ದಿನ ನಿಲ್ಲಿಸಿ, ಮಾದರಿ ತೆಗೆಸಿ. ಎರಡು ಮೂರು ಹಕ್ಕಳೆಗಳನ್ನು ಕೂದಲು ಸಮೇತ ಒಣ ಕಾಗದದ ಲಕೋಟೆಯಲ್ಲಿ ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೆವೆತು ಬೂಷ್ಟು ಹಿಡಿಯುತ್ತದೆ. ನುಸಿಗಾಗಿ, ಪ್ಯಾರಾಫಿನ್ ಎಣ್ಣೆ ಸವರಿದ ಬ್ಲೇಡಿನಿಂದ ವೈದ್ಯರೇ ಮೆಲ್ಲಗೆ ಕೆರೆದು ತೆಗೆಯುತ್ತಾರೆ. ನಿಮ್ಮ ತಾಲ್ಲೂಕಿನ ವೈದ್ಯರು ಹೆಚ್ಚಾಗಿ ದನಗಳನ್ನು ನೋಡುವವರಾದರೂ ಈ ಪರೀಕ್ಷೆಗಳು ದನಕ್ಕೂ ಕುದುರೆಗೂ ಒಂದೇ, ಅವರು ಖಂಡಿತ ಮಾಡಬಲ್ಲರು. ಹೆಚ್ಚಿನ ಪರೀಕ್ಷೆ ಬೇಕಾದರೆ ಹಾಸನದ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು, ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಅವರ ಪತ್ರದೊಂದಿಗೆ ಕಳಿಸಬಹುದು.

ಬ್ಯಾಕ್ಟೀರಿಯಾವೇ ಎಂದು ಗೊತ್ತಾದರೆ, ಒಳ್ಳೆಯ ಸುದ್ದಿ ಎಂದುಕೊಳ್ಳಿ. ಮೊದಲ ಕೆಲಸ ಕೂದಲು ಕತ್ತರಿಸುವುದು. ಬಿಳಿ ಕಾಲಿನ ಚೆಂದ ಹೋಗುತ್ತದೆಂದು ಮಗಳು ನೊಂದುಕೊಳ್ಳಬಹುದು, ಆದರೆ ಕೂದಲಿನ ಅಡಿಯ ತೇವ ಆರದೆ ಯಾವ ಔಷಧವೂ ಚರ್ಮ ಮುಟ್ಟುವುದಿಲ್ಲ. ಕಾಲು ನೋಯುತ್ತಿರುವ ಕುದುರೆಯ ಹಿಂದೆ ಕೂತು ಕತ್ತರಿ ಆಡಿಸುವುದು ಅಪಾಯಕರ. ಮೊದಲ ದಿನ ವೈದ್ಯರಿಂದ ಮಂಪರಿನ ಚುಚ್ಚುಮದ್ದು ಕೊಡಿಸಿಯೇ ಮಾಡಿಸಿ. ಹಕ್ಕಳೆಯನ್ನು ಒಣಗಿದ್ದಾಗ ಕೀಳಬಾರದು, ಅದು ಕ್ರೂರವೂ ಹೌದು, ಹೊಸ ಗಾಯವೂ ಹೌದು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಇಟ್ಟು ಮೆತ್ತಗಾದ ಮೇಲೆ ತಾನಾಗಿ ಬರುವಷ್ಟನ್ನು ಮಾತ್ರ ತೆಗೆಯಿರಿ, ಬಾರದ್ದು ನಾಳೆ ಬರುತ್ತದೆ. ಆಮೇಲೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದ ನೊರೆಯನ್ನು ಹಚ್ಚಿ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಬಿಡಬೇಕು. ಹಚ್ಚಿ ಕೂಡಲೇ ತೊಳೆದರೆ ಅದು ಬರಿಯ ಸೋಪಿನ ಸ್ನಾನ. ಚೆನ್ನಾಗಿ ತೊಳೆದ ನಂತರ ಒಣ ಟವೆಲಿನಿಂದ ಒತ್ತಿ ಒರೆಸಿ. ಕುಳಿಯ ಮಡಿಕೆಗಳಲ್ಲಿ ತೇವ ಉಳಿಯುವುದರಿಂದ ಹೇರ್ ಡ್ರೈಯರಿನ ತಣ್ಣನೆ ಗಾಳಿ ಹಿಡಿದರೂ ತಪ್ಪಿಲ್ಲ, ಸದ್ದಿಗೆ ಕುದುರೆ ಒಗ್ಗಿದ್ದರೆ. ಇದನ್ನು ಮೊದಲ ವಾರ ದಿನಕ್ಕೊಮ್ಮೆ, ಅನಂತರ ಎರಡು ಮೂರು ದಿನಕ್ಕೊಮ್ಮೆ ಮಾಡಿದರೆ ಸಾಕು. ನಡುವಿನ ದಿನಗಳಲ್ಲಿ ನೀರು ಸೋಕಿಸಬೇಡಿ, ಕೆಸರಾಗಿದ್ದರೆ ಒಣಗಲು ಬಿಟ್ಟು ಬ್ರಷ್ಷಿನಿಂದ ಉದುರಿಸಿ. ಸತು ಭಸ್ಮದ, ಅಂದರೆ ಜಿಂಕ್ ಆಕ್ಸೈಡಿನ ಮುಲಾಮು ಕೆಸರನ್ನು ದೂರವಿಡಲು ಒಳ್ಳೆಯದು, ಒಣಗಿ ಶುದ್ಧವಾದ ಚರ್ಮದ ಮೇಲೆ ಮಾತ್ರ. ಒದ್ದೆ ಗಾಯದ ಮೇಲೆ ಜಿಡ್ಡು ಮೆತ್ತಿದರೆ ಒಳಗೆ ಕೊಳೆಯುತ್ತದೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೇ ಹೀಗೆ ದಪ್ಪಗೆ ಮುಲಾಮು ಹಚ್ಚಿ, ಕೆಸರು ತಾಗದಿರಲೆಂದು ಬಿಗಿಯಾಗಿ ಬ್ಯಾಂಡೇಜು ಸುತ್ತಿ ಕಳಿಸಿದ್ದೆ. ಮೂರನೆಯ ದಿನ ಬಿಚ್ಚಿದಾಗ ಪಟ್ಟಿಯ ಜೊತೆ ಚರ್ಮವೂ ಸುಲಿದುಬಂತು. ಅಂದಿನಿಂದ ಮಳೆಗಾಲದಲ್ಲಿ ಈ ಜಾಗಕ್ಕೆ ಪಟ್ಟಿ ಸುತ್ತಲು ನಾನು ಯಾರಿಗೂ ಹೇಳಿಲ್ಲ.

ಹೀಗೆ ಮಾಡಿದರೆ ಬಹುಪಾಲು ಕಾಲುಗಳು ಎರಡರಿಂದ ನಾಲ್ಕು ವಾರದಲ್ಲಿ ತಿಳಿಯಾಗುತ್ತವೆ. ಸೋಂಕು ಆಳಕ್ಕೆ ಇಳಿದಿದ್ದರೆ ಪೆನಿಸಿಲಿನ್ ಅಥವಾ ಟ್ರೈಮೆಥೊಪ್ರಿಮ್–ಸಲ್ಫಾದಂಥ ಪ್ರತಿಜೀವಕವನ್ನು ವೈದ್ಯರು ಕೊಡುತ್ತಾರೆ. ಎರಡು ವರ್ಷದ ಹಳೆಯ ತೊಂದರೆಯಾದ್ದರಿಂದ, ಸ್ಟೆಫೈಲೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಸೇರಿರಬಹುದಾದ್ದರಿಂದ, ಮೊದಲು ಕೀವಿನಲ್ಲಿರುವ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿ ಯಾವುದಕ್ಕೆ ಬಗ್ಗುತ್ತದೆಂದು ತಿಳಿದು ಕೊಡುವುದು ನ್ಯಾಯ. ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಅದರ ಲಸಿಕೆ ಯಾವಾಗ ಹಾಕಿಸಿದ್ದೆಂದು ನೆನಪಿಲ್ಲದಿದ್ದರೆ ಈ ವಾರವೇ ಹಾಕಿಸಿ.

ಒಂದೇ ಒಂದು ಗಾಯ ಮಾಂಸದ ಮುದ್ದೆಯಂತೆ ಮೇಲೆದ್ದು, ಮಳೆಗಾಲದುದ್ದಕ್ಕೂ ಬೆಳೆಯುತ್ತಾ, ಒತ್ತಿದರೆ ಹಳದಿ ಮರಳಿನಂಥ ಕಾಳುಗಳು ಬಂದರೆ ಇಲ್ಲಿ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ಬ್ರಿಟಿಷರ ಕಾಲದ ಸೈನ್ಯದ ಪಶುವೈದ್ಯರು ಅಂಥ ಗಾಯಗಳನ್ನು ಹಿಂದಿಯ ಬರಸಾತ್ ಶಬ್ದದಿಂದ ಬರ್ಸಾತಿ ಎಂದು ಕರೆದರು. ನೊಣಗಳು ತಂದುಬಿಡುವ ಹ್ಯಾಬ್ರೋನೀಮಾ ಹುಳುವಿನ ಮರಿಗಳೋ, ನಿಂತ ನೀರಿನ ಪಿಥಿಯಮ್ ಎಂಬ ಜೀವಿಯೋ ಅದಕ್ಕೆ ಕಾರಣ. ಎರಡನೆಯದಾದರೆ ತಡಮಾಡಿದಷ್ಟೂ ಕಾಲು ಉಳಿಯುವುದು ಕಷ್ಟ. ನೀವು ವರ್ಣಿಸಿದ್ದು ಹಾಗಿಲ್ಲ, ಆದರೆ ಕಾಗದದಿಂದ ಕಾಲನ್ನು ನೋಡಲು ಬರುವುದಿಲ್ಲವಾದ್ದರಿಂದ ಹೇಳಿದೆ.

ಲಾಯದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮಲೆನಾಡಿನ ಕೊಟ್ಟಿಗೆಗೆ ಸೊಪ್ಪು, ದರಗು ಹಾಸಿ ದಿನವೂ ಅದರ ಮೇಲೇ ಹಾಸುತ್ತಾ ಹೋಗುವುದು ಗೊಬ್ಬರಕ್ಕೆ ಉತ್ತಮ ಪದ್ಧತಿ. ಆ ಹಾಸಿಗೆಯ ಮೇಲೆ ಕುದುರೆಯ ಹಿಂಗಾಲು ರಾತ್ರಿಯಿಡೀ ಗಂಜಲದಲ್ಲಿ ನೆನೆಯುತ್ತದೆ, ಮುಂಗಾಲಿಗಿಂತ ಹಿಂಗಾಲೇ ಮೊದಲು ಕೆಡುವುದಕ್ಕೆ ಇದೂ ಒಂದು ಕಾರಣ. ಕುದುರೆಗೆ ಇಳಿಜಾರಿನ ಗಟ್ಟಿ ನೆಲ, ದಿನವೂ ತೆಗೆದು ಬದಲಿಸುವ ಒಣ ಭತ್ತದ ಹುಲ್ಲು ಬೇಕು. ಮೇಯುವ ಜಾಗದ ಬಾಗಿಲಲ್ಲಿ, ನೀರಿನ ತೊಟ್ಟಿಯ ಸುತ್ತ ಕೆಸರು ಹೆಚ್ಚಾಗುತ್ತದೆ, ಅಲ್ಲಿಗೆ ಒಂದು ಟ್ರ್ಯಾಕ್ಟರ್ ಜಲ್ಲಿ ಹಾಕಿಸಿದರೆ ನೂರು ಟ್ಯೂಬ್ ಮುಲಾಮಿಗಿಂತ ಹೆಚ್ಚು ಉಪಯೋಗ. ಸಂಜೆ ಲಾಯಕ್ಕೆ ತಂದ ಕೂಡಲೇ ಕಾಲಿನ ಇಂಬಳ, ಉಣುಗು ನೋಡಿ ತೆಗೆಯುವ ಅಭ್ಯಾಸವಾಗಲಿ.

ಅಂಟುವ ಪ್ರಶ್ನೆಗೆ: ನುಸಿ ಮನುಷ್ಯರ ಮೇಲೆ ಮನೆ ಮಾಡುವುದಿಲ್ಲ, ದನಗಳಿಗೆ ದಾಟಬಹುದು. ಡರ್ಮಟೋಫಿಲಸ್ ದನಗಳಿಗೂ ಬರುತ್ತದೆ, ಕೈಯಲ್ಲಿ ಗಾಯವಿದ್ದರೆ ಮನುಷ್ಯರಿಗೂ ಅಪರೂಪಕ್ಕೆ ಬರಬಹುದು. ಹುಳುಕಡ್ಡಿಯಾದರೆ ಮಕ್ಕಳಿಗೆ ಸುಲಭವಾಗಿ ಅಂಟುತ್ತದೆ. ಆದ್ದರಿಂದ ಪರೀಕ್ಷೆಯ ಫಲಿತಾಂಶ ಬರುವ ತನಕ ಮಗಳು ಕೈಗವಸು ಹಾಕದೆ ಆ ಕಾಲುಗಳನ್ನು ಮುಟ್ಟುವುದು ಬೇಡ, ಕುದುರೆಯ ಬ್ರಷ್ಷು, ಟವೆಲು ದನಗಳಿಗೆ ಬೇಡ. ಕುಂಟದಿದ್ದರೆ ಒಣ ನೆಲದಲ್ಲಿ ಸವಾರಿ ಮಾಡಬಹುದು. ನಡಿಗೆಯಿಂದ ಕಾಲಿನ ಊತ ಇಳಿಯುತ್ತದೆ.

ಮಾರುವ ಮಾತಿಗೆ ಬಂದರೆ, ಕಾರಣವನ್ನು ಇನ್ನೂ ನೋಡದೆ ಇರುವಾಗ ಆ ತೀರ್ಮಾನ ಆತುರದ್ದು ಎನ್ನಿಸುತ್ತದೆ. ಸರಿಯಾದ ಚಿಕಿತ್ಸೆಯಾದ ಮೇಲೂ ಮುಂದಿನ ಮಳೆಗಾಲದಲ್ಲಿ ಸ್ವಲ್ಪ ಮರುಕಳಿಸಬಹುದು, ಅದನ್ನು ಮರೆಮಾಚುವುದಿಲ್ಲ. ಆದರೆ ಮೊದಲ ಕೆಂಪು ಕಂಡ ದಿನವೇ ಹಿಡಿದರೆ ಅದು ಹತ್ತು ದಿನದ ಕೆಲಸವಾಗುತ್ತದೆ. ಇನ್ನೊಂದು ದಾರಿಯೂ ಇದೆ: ಜೂನಿನಿಂದ ಸೆಪ್ಟೆಂಬರಿನ ತನಕ ಕಡೂರು ಅಥವಾ ಅರಸೀಕೆರೆಯ ಕಡೆ ನಂಬಿಕೆಯ ಒಣ ಜಾಗವಿದ್ದರೆ ಅಲ್ಲಿ ಬಿಡುವುದು. ಪ್ರಯಾಣದ ಆಯಾಸ, ಮೇವು ಬದಲಾದಾಗ ಹೊಟ್ಟೆಶೂಲೆ, ಕಣ್ಣೆದುರಿಲ್ಲದ ಚಿಂತೆ ಇವು ಅದರ ಬೆಲೆ. ಮೇವನ್ನು ಹತ್ತು ದಿನ ಮೊದಲೇ ನಿಧಾನವಾಗಿ ಬದಲಿಸುತ್ತಾ ಹೋದರೆ ಹೊಟ್ಟೆಯ ಅಪಾಯ ತಗ್ಗುತ್ತದೆ. ಕೊನೆಗೂ ಮಾರಲೇಬೇಕಾದರೆ ಕೊಳ್ಳುವವರಿಗೆ ಕಾಲಿನ ಚರಿತ್ರೆಯನ್ನು ಪೂರ್ತಿ ಹೇಳಿ, ಬಯಲುಸೀಮೆಯವರಿಗೇ ಕೊಡಿ.

ಈ ನಡುವೆ ಒಂದು ಥರ್ಮಾಮೀಟರ್ ಲಾಯದಲ್ಲಿರಲಿ. ಕುದುರೆಯ ಸಹಜ ಉಷ್ಣತೆ ಸುಮಾರು 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಹಕ್ಕಳೆಯಿರುವ ಕಾಲು ಒಂದೇ ರಾತ್ರಿಯಲ್ಲಿ ಮೊಣಕಾಲಿನವರೆಗೆ ಕಂಬದಂತೆ ಊದಿ, ಮುಟ್ಟಿದರೆ ಬಿಸಿಯಾಗಿ, ಕುದುರೆ ಆ ಕಾಲೂರದೆ ನಿಂತಿದ್ದರೆ, ಉಷ್ಣತೆ 102 ದಾಟಿದ್ದರೆ, ಸೋಂಕು ದುಗ್ಧನಾಳಗಳಿಗೆ ಏರಿದೆ ಎಂದರ್ಥ. ಬೆಳಗಾಗಲಿ ಎಂದು ಕಾಯದೆ ವೈದ್ಯರಿಗೆ ಕರೆ ಮಾಡಿ, ಅವರು ಸಿಗದಿದ್ದರೆ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಮಾಡಿ. ಅವರು ಬರುವ ತನಕ ಕಾಲಿಗೆ ತಣ್ಣೀರು ಬಿಡಬಹುದು. ಆ ಒಂದು ರಾತ್ರಿ ಕಾಲು ಒದ್ದೆಯಾದರೂ ಚಿಂತೆಯಿಲ್ಲ.